ಹೊಳೆಯುವ ಗೆರೆಯನ್ನು ಓದುವುದು ಹೇಗೆ?

ಕಪ್ಪು ನಕಾಶೆಯ ಮೇಲೆ ಕೆಂಡದ ಬಣ್ಣದ ಎಳೆಗಳು. ಕೆಲವು ಕಡೆ ದಪ್ಪ, ಕೆಲವು ಕಡೆ ಜೇಡರ ಬಲೆಯಷ್ಟು ತೆಳು. ಓಟಗಾರರು, ಸೈಕಲ್ ಸವಾರರು, ಚಾರಣಿಗರು ಫೋನಿನಲ್ಲೋ ಕೈಗಡಿಯಾರದಲ್ಲೋ ದಾಖಲಿಸಿದ ಜಿಪಿಎಸ್ ಜಾಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಸಿಗುವ ಚಿತ್ರವಿದು. ಇದಕ್ಕೆ ಹೀಟ್‌ಮ್ಯಾಪ್ ಎಂದು ಹೆಸರು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಟ್ರಾವಾ ಕಂಪನಿಯದು. 2017ರ ನವೆಂಬರ್‌ನಲ್ಲಿ ಅದು ಹೊರತಂದ ಆವೃತ್ತಿಗೆ 100 ಕೋಟಿ ಚಟುವಟಿಕೆಗಳ ದಾಖಲೆ ಬಳಕೆಯಾಗಿತ್ತು. ಮುದ್ರಿತ ನಕಾಶೆಯಲ್ಲಿಲ್ಲದ ಕಾಲುದಾರಿಗಳೂ ಇದರಲ್ಲಿ ಎದ್ದು ಕಾಣುವುದರಿಂದ ಹೊಸ ಜಾಗ ಹುಡುಕುವವರು ಮೊದಲು ತೆರೆಯುವುದೇ ಇದನ್ನು. ತೆರೆಯಲಿ, ಅದು ಒಳ್ಳೆಯದೇ. ಆದರೆ ಆ ಗೆರೆ ಹೇಳುವುದು ‘ಇಲ್ಲಿ ಜನ ನಡೆದಿದ್ದಾರೆ’ ಎಂದಷ್ಟೆ. ‘ನೀವೂ ನಡೆಯಬಹುದು’ ಎಂಬ ಮಾತನ್ನು ಅದಕ್ಕೆ ಸೇರಿಸುವವರು ನಾವು. ಅಪಾಯವೆಲ್ಲ ಈ ಸೇರ್ಪಡೆಯಲ್ಲಿದೆ.

ಮೊದಲನೆಯದಾಗಿ, ನಡೆದವರೆಲ್ಲ ಈ ನಕಾಶೆಯಲ್ಲಿಲ್ಲ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿ ನೇಥನ್ ರೂಸರ್ ಇದೇ ನಕಾಶೆಯಲ್ಲಿ ಅಫ್ಘಾನಿಸ್ತಾನ, ಸಿರಿಯಾಗಳ ಸೇನಾ ನೆಲೆಗಳು ಹೊಳೆಯುತ್ತಿರುವುದನ್ನು ತೋರಿಸಿದಾಗ ಜಗತ್ತು ಬೆಚ್ಚಿತ್ತು. ಗುಟ್ಟು ರಟ್ಟಾಯಿತೆಂದು ಎಲ್ಲರೂ ಮಾತಾಡಿಕೊಂಡರು. ಆ ಚಿತ್ರದಲ್ಲಿ ಇನ್ನೊಂದು ಪಾಠವೂ ಇತ್ತು. ಬೇಲಿಯೊಳಗೆ ಓಡುತ್ತಿದ್ದ ವಿದೇಶಿ ಸೈನಿಕರು ಬೆಳಕಾಗಿದ್ದರು, ಸುತ್ತಲಿನ ಊರುಗಳಲ್ಲಿ ದಿನವಿಡೀ ನಡೆಯುವ ಜನ ಕತ್ತಲಾಗಿಯೇ ಉಳಿದಿದ್ದರು. ನಮ್ಮ ಮಲೆನಾಡಿನಲ್ಲೂ ಹೀಗೆಯೇ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರ ದಾರಿ ಬೆಳಗುತ್ತದೆ, ತೋಟಕ್ಕೂ ಶಾಲೆಗೂ ಊರಿನವರು ದಿನಾ ತುಳಿಯುವ ದಾರಿ ಕಾಣುವುದೇ ಇಲ್ಲ. ಬಣ್ಣದ ಲೆಕ್ಕವೂ ನೇರವಲ್ಲ. ಪ್ರತಿ ಪ್ರದೇಶದ ಹೊಳಪನ್ನು ಆಯಾ ಪ್ರದೇಶಕ್ಕೆ ಹೋಲಿಸಿ ಹಂಚಿರುತ್ತಾರೆ. ಆದ್ದರಿಂದ ಜನ ವಿರಳವಾಗಿ ಹೋಗುವ ಬೆಟ್ಟದ ಗೆರೆಯೂ ಕಬ್ಬನ್ ಪಾರ್ಕಿನ ಗೆರೆಯಷ್ಟೇ ಪ್ರಖರವಾಗಿ ಕಾಣಬಹುದು.

ಇಷ್ಟು ತಿಳಿದು ನೋಡಿದರೆ ಗೆರೆ ಬೇರೆಯೇ ಕಥೆ ಹೇಳುತ್ತದೆ. ಅಂಕುಡೊಂಕಾಗಿ ಏರುವ ದಾರಿಯ ಎರಡು ತಿರುವುಗಳ ನಡುವೆ ನೆಟ್ಟಗೆ ಹಾದ ಎಳೆಯಿದ್ದರೆ ಅದು ಒಳದಾರಿ. ಮಳೆನೀರು ಹರಿದು ಮಣ್ಣು ಕೊಚ್ಚಿಹೋಗುವುದು ಇಂಥಲ್ಲೇ, ಅದನ್ನು ಬಳಸದಿರುವುದು ಲೇಸು. ಹಳ್ಳದ ಬಳಿ ಒಂದು ಗೆರೆ ಬೀಸಣಿಗೆಯಂತೆ ಹತ್ತಾಗಿ ಬಿಚ್ಚಿಕೊಂಡು ಆಚೆ ದಡದಲ್ಲಿ ಮತ್ತೆ ಒಂದಾದರೆ, ಜನ ದಾಟುವ ಜಾಗಕ್ಕಾಗಿ ತಡಕಾಡಿದ್ದಾರೆಂದು ಊಹಿಸಬಹುದು. ದಟ್ಟ ಕಾಡಿನಲ್ಲಿ ಜಿಪಿಎಸ್ ಸಂಕೇತ ಚದುರಿಯೂ ಹೀಗಾಗುತ್ತದೆ. ಬಯಲಿನಲ್ಲೇ ಫೋನು ಸುಮಾರು 5 ಮೀಟರ್ ಆಚೀಚೆ ತೋರಿಸುವಾಗ ಕಮರಿಯಲ್ಲಿ ಕೇಳಬೇಕೆ? ಗೆರೆ ನಡುವೆಯೇ ತೆಳುವಾಗಿ ಮುಗಿದರೆ ಅಲ್ಲಿಂದ ಜನ ಹಿಂತಿರುಗಿದ್ದಾರೆ. ಪ್ರಪಾತವೋ, ಬೇಲಿಯೋ, ಬರೀ ಸುಸ್ತೋ ಎಂಬುದನ್ನು ಅದು ಹೇಳದು. ಹೋಗಿ ಬಂದವರು ಎರಡು ಸಲ ದಾಖಲಾಗುವುದರಿಂದ, ಅರ್ಧಕ್ಕೇ ಮರಳಿದವರೂ ಬುಡದ ಗೆರೆಯನ್ನು ದಪ್ಪವಾಗಿಸುವುದರಿಂದ, ತಪ್ಪಲಿನ ಹೊಳಪನ್ನು ನೋಡಿ ಶಿಖರದ ದಾರಿಯನ್ನು ಅಳೆಯಲಾಗದು. ಇನ್ನು ಋತು. ತಿಂಗಳುಗಟ್ಟಲೆಯ ನಡಿಗೆಗಳು ಒಂದೇ ಗೆರೆಯಲ್ಲಿ ಕಲೆತಿರುತ್ತವೆ. ಡಿಸೆಂಬರಿನಲ್ಲಿ ಕಲ್ಲಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟುವ ಹಳ್ಳ ಜುಲೈನಲ್ಲಿ ಮನುಷ್ಯನನ್ನೇ ಎಳೆದೊಯ್ಯಬಲ್ಲದು.

ಅಷ್ಟೊಂದು ಜನ ಹೋಗಿ ಸುರಕ್ಷಿತವಾಗಿ ಬಂದಿರುವುದೇ ಸಾಕ್ಷಿಯಲ್ಲವೇ ಎಂದು ಕೇಳಬಹುದು. ದಾರಿಯೊಂದಿದೆ ಎಂಬುದಕ್ಕೆ ಅದು ಸಾಕ್ಷಿ ನಿಜ, ಅನುಮತಿಗಂತೂ ಅಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೇಲೆ ಹಾದು 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಏರುವ ಹಾದಿ ಪುಷ್ಪಗಿರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಸಾವಿರಾರು ಜನ ಸಾಲುಗಟ್ಟಿದ ಮೇಲೆ ಸರ್ಕಾರ ಚಾರಣವನ್ನೇ ತಡೆಹಿಡಿಯಿತು. ಮುಂದೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯನ್ನೂ ದಿನಕ್ಕಿಷ್ಟೇ ಜನ ಎಂಬ ಮಿತಿಯನ್ನೂ ತಂದಿತು. ಆ ತಡೆಯ ತಿಂಗಳುಗಳಲ್ಲಿ ಹಳೆಯ ಜಾಡುಗಳಿಗೆ ಮಾತ್ರ ಯಾವ ತಡೆಯೂ ತಿಳಿದಿರಲಿಲ್ಲ. ಹೊಳೆಯುವ ದಾರಿಗೇ ಜನ ಹೋಗಿ, ಹೋದಂತೆಲ್ಲ ಅದು ಇನ್ನಷ್ಟು ಹೊಳೆಯುವಾಗ ಶೋಲಾ ಕಾಡಿನಂಚಿನ ಹುಲ್ಲು ಎಷ್ಟು ಸವೆಯಿತೆಂಬುದು ಪರದೆಯ ಮೇಲೆ ಎಲ್ಲೂ ಮೂಡುವುದಿಲ್ಲ. ಇದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಹಾಗೆಂದು ನಕಾಶೆಯನ್ನು ಮುಚ್ಚಿಡಬೇಕೆ? ಬೇಡ. ಅದು ಉತ್ತರ ಕೊಡುವುದಿಲ್ಲ, ಯಾವ ಪ್ರಶ್ನೆ ಕೇಳಬೇಕೆಂದು ತೋರಿಸುತ್ತದೆ. ತೆಳುವಾದ ಎಳೆ ಕಂಡಲ್ಲಿ ಸರ್ವೆ ಆಫ್ ಇಂಡಿಯಾದ ನಕಾಶೆಯಲ್ಲಿ ಸಮೋನ್ನತಿ ರೇಖೆಗಳು ಎಷ್ಟು ಒತ್ತಾಗಿವೆ ನೋಡಬೇಕು, ಜಾಗ ಯಾರ ವ್ಯಾಪ್ತಿಯದೆಂದು ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು, ಹಳ್ಳ ಈಗ ಹೇಗಿದೆಯೆಂದು ಊರಿನವರನ್ನು ಕೇಳಬೇಕು. ಕಾಯ್ದಿಟ್ಟ ಕಾಡಿನ ಹೊರಗಂತೂ ಇದರ ಉಪಯೋಗಕ್ಕೆ ಮಿತಿಯಿಲ್ಲ. ನಿಮ್ಮ ಬಡಾವಣೆಯ ಕೆರೆಯನ್ನೇ ತೆರೆದು ನೋಡಿ. ಏರಿಯ ಮೇಲಿನ ಗೆರೆ ಎಲ್ಲಿ ಕಡಿದು ಮುಖ್ಯರಸ್ತೆಗೆ ಸುತ್ತಿಕೊಂಡು ಹೋಗುತ್ತದೋ, ಅಲ್ಲೊಂದು ಬೀಗ ಹಾಕಿದ ಗೇಟೋ ಮುರಿದ ಕಾಲುಸೇತುವೆಯೋ ಇರುವ ಸಂಭವವಿದೆ. ಮುಂದಿನ ವಾರ್ಡ್ ಸಭೆಗೆ ಆ ಚಿತ್ರವನ್ನೇ ಒಯ್ಯಬಹುದು.