ಅವ್ವನ ವಿಮಾನಕ್ಕೂ ಒಂದು ಬುತ್ತಿ

ಬನಶಂಕರಿ ಜಾತ್ರೆಗೆ ಹೊರಟರೂ ನಮ್ಮ ಮುಶಿಗೇರಿ ಕಡೆ ಬುತ್ತಿ ಕಟ್ಟದೆ ಯಾರೂ ಹೊಸ್ತಿಲು ದಾಟೋದಿಲ್ಲ. ಅದೇ ಅಪ್ಪ-ಅವ್ವ ಮೊದಲ ಸಲ ವಿಮಾನ ಹತ್ತುವಾಗ ಮಾತ್ರ ನಾವು ಮಕ್ಕಳು, “ಏನೂ ಬ್ಯಾಡವ್ವ, ಅಲ್ಲೇ ಊಟ ಕೊಡ್ತಾರ” ಅಂತ ಫೋನಿನಲ್ಲೇ ತೀರ್ಮಾನ ಮಾಡಿಬಿಡ್ತೀವಿ.

ಲೆಕ್ಕ ಹಾಕಿ ನೋಡಿ. ಊರಿಂದ ಹುಬ್ಬಳ್ಳಿ, ಅಲ್ಲಿಂದ ಬೆಂಗಳೂರು, ಆಮೇಲೆ ಅಮೆರಿಕವೋ ಆಸ್ಟ್ರೇಲಿಯಾವೋ. ಕಾಯುವ ಹೊತ್ತೂ ಸೇರಿದರೆ ಒಂದು ದಿನ ದಾಟುತ್ತೆ. ಕೊಟ್ಟ ಊಟ ಸೇರದಿದ್ರೆ ಹಿರಿಯರು ಸಂಕೋಚಕ್ಕೆ ಬೇರೆ ಕೇಳೋದಿಲ್ಲ, ಉಪವಾಸ ಕೂತುಬಿಡ್ತಾರೆ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತಗೊಂಡು ಊಟ ಬಿಟ್ಟರೆ ಸಕ್ಕರೆ ಅಂಶ ಇಳಿದು ತಲೆ ಸುತ್ತಬಹುದು, ಎಚ್ಚರವೂ ತಪ್ಪಬಹುದು.

ಕೈಚೀಲದಲ್ಲಿ ಇರಲಿ

ಖಡಕ್ ರೊಟ್ಟಿ ಮುರಿದು ಡಬ್ಬಿಗೆ ಹಾಕಿ. ಶೇಂಗಾ ಚಟ್ನಿ ಸವರಿ ಮಡಚಿದ ಚಪಾತಿ, ಹಚ್ಚಿದ ಅವಲಕ್ಕಿ, ಎರಡು ಶೇಂಗಾ ಹೋಳಿಗೆ ಸಾಕು. ವಿಮಾನದೊಳಗಿನ ಒಣ ಗಾಳಿ, ಕಡಿಮೆ ಒತ್ತಡದಲ್ಲಿ ಉಪ್ಪು, ಸಿಹಿ ನಾಲಿಗೆಗೆ ಮಂದವಾಗುತ್ತೆ. ಅಲ್ಲಿನ ಊಟ ಸಪ್ಪೆ ಅನ್ನಿಸೋದು ಅದಕ್ಕೇ. ಅದೇ ಒತ್ತಡಕ್ಕೆ ಹೊಟ್ಟೆಯ ಗಾಳಿಯೂ ಹಿಗ್ಗುತ್ತೆ. ಕಾಳಿನ ಪಲ್ಲೆ ಮಾತ್ರ ಆ ದಿನ ಬೇಡ.

ಇವು ಬೇಡ

ಖಾರದ ಪುಡಿಯನ್ನು ಕ್ಯಾಬಿನ್‌ಗೆ ಬಿಡೋದಿಲ್ಲ. ಚಟ್ನಿ ಪುಡಿ ಡಬ್ಬಿಯನ್ನೂ ಚೆಕ್-ಇನ್ ಬ್ಯಾಗಿಗೇ ಹಾಕಿ. ಒಣಕೊಬ್ಬರಿ ಬಟ್ಟಲು ಚೆಕ್-ಇನ್‌ನಲ್ಲಿ ನಿಷಿದ್ಧ, ಎಣ್ಣೆ ಹೆಚ್ಚಿರೋದರಿಂದ ಬೆಂಕಿ ಹತ್ತುವ ಭಯ. ವಿದೇಶಿ ಪ್ರಯಾಣದಲ್ಲಿ ಕೈಚೀಲದ ದ್ರವಕ್ಕೆ ಡಬ್ಬಿಗೆ 100 ಮಿಲಿ ಮಿತಿ. ಮೊಸರು, ತುಪ್ಪವೂ ಅದೇ ಲೆಕ್ಕಕ್ಕೆ ಬರುತ್ತೆ.

ಇಳಿಯುವಾಗ ಬುತ್ತಿ ಉಳಿದಿದ್ದರೆ ಅರ್ಜಿಯಲ್ಲಿ “ಆಹಾರ ಇದೆ” ಅಂತ ಒಪ್ಪಿಕೊಳ್ಳಲೇಬೇಕು. ಆಸ್ಟ್ರೇಲಿಯಾದಲ್ಲಿ ಹೇಳದೆ ಒಯ್ದರೆ ದಂಡ ಬೀಳುತ್ತೆ. ಹಣ್ಣು ಒಯ್ಯೋದೇ ಬೇಡ.

ಮೈಗೆ ಹಿತ

ಶಾಲು, ಸಾಕ್ಸ್, ಅಪ್ಪನಿಗೆ ಕುಲಾಯಿ. ಖಾಲಿ ಬಾಟಲಿ ಇಟ್ಟರೆ ತಪಾಸಣೆ ಮುಗಿದ ಮೇಲೆ ನೀರು ತುಂಬಿಸಿಕೊಳ್ಳಬಹುದು. ನಾಲ್ಕು ಪೆಪ್ಪರಮೆಂಟ್ ಇರಲಿ. ಕಿವಿ ಕಟ್ಟಿದಾಗ ಚೀಪೋಕೂ ಆಯ್ತು, ಶುಗರ್ ಇಳಿದರೆ ಬಾಯಿಗೆ ಹಾಕೋಕೂ ಆಯ್ತು. ಮಾತ್ರೆ, ಇನ್ಸುಲಿನ್, ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ. ಕೆಳಗಿನ ಸರಕಿನ ಕೋಣೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ಪವರ್ ಬ್ಯಾಂಕ್ ಕೂಡ ಕೈಚೀಲಕ್ಕೇ, 100 ವ್ಯಾಟ್-ಅವರ್ ಒಳಗೆ. ಸಾಮಾನ್ಯವಾಗಿ 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ತೊಂದರೆ ಇಲ್ಲ.

ಕೊನೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಕಿಸೆಯಲ್ಲಿಡಿ: ಸಸ್ಯಾಹಾರಿ, ಶುಗರ್ ಇದೆ, ಮಗನ ಫೋನ್ ನಂಬರು ಇದು. ಯಾರಿಗೆ ತೋರಿಸಿದರೂ ಕೆಲಸ ಆಗುತ್ತೆ.

ನಿಯಮ ನೀವು ಹೇಳಿ ಕೊಡಿ. ಬುತ್ತಿ ಮಾತ್ರ ಅವ್ವನೇ ಕಟ್ಟಿಕೊಳ್ಳಲಿ. ಯಾವ ಹೊತ್ತಿಗೆ ಏನು ಬೇಕಾಗುತ್ತೆ ಅನ್ನೋದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು.