ಗಾಡಿಗೆ ಎರಡನೇ ಬ್ಯಾಟರಿ: ಬೆಳಗ್ಗೆ ಸೆಲ್ಫ್ ಹೊಡೆಯಬೇಕಲ್ಲ!



ರಜೆ ಹತ್ತಿರ ಬಂತೆಂದರೆ ದೆಹಲಿಯ ನಮ್ಮವರು ಸ್ಪಿತಿ, ಲಡಾಖ್ ಎನ್ನುತ್ತಾರೆ. ಮುಂಬೈ, ಪುಣೆಯವರು ಸಹ್ಯಾದ್ರಿಯ ಘಟ್ಟಗಳನ್ನೋ ರಾಜಸ್ಥಾನದ ಮರಳನ್ನೋ ಹುಡುಕಿಕೊಂಡು ಹೊರಡುತ್ತಾರೆ. ಥಾರ್, ಜಿಮ್ನಿ, ಗೂರ್ಖಾದಂಥ ಗಾಡಿ ಮನೆ ಮುಂದೆ ನಿಂತಿದ್ದರೆ ಡಾಂಬರು ರಸ್ತೆ ಬೇಸರ ತರಿಸುವುದು ಸಹಜ. ಇಂಥ ಪ್ರಯಾಣಕ್ಕೆ ಮುಂಚೆ ಟೈರು, ಜ್ಯಾಕು, ಹಗ್ಗ ಎಲ್ಲವನ್ನೂ ನೋಡಿಕೊಳ್ಳುತ್ತೇವೆ. ಬ್ಯಾಟರಿಯ ನೆನಪಾಗುವುದು ಮಾತ್ರ ಅದು ಕೈಕೊಟ್ಟ ಮೇಲೆ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಜೈಸಲ್ಮೇರ್ ದಾಟಿ ಮರಳುದಿಬ್ಬಗಳ ನಡುವೆ ಡೇರೆ ಹಾಕಿದ್ದೀರಿ. ಜೊತೆಯಲ್ಲಿ ಅಮ್ಮ ಇದ್ದಾರೆ. ಅವರ ಇನ್ಸುಲಿನ್ ಗಾಡಿಯ ಪುಟ್ಟ ಫ್ರಿಜ್ಜಿನಲ್ಲಿದೆ. ರಾತ್ರಿಯೆಲ್ಲ ಫ್ರಿಜ್ ಓಡಿತು, ಡೇರೆಯ ದೀಪ ಉರಿಯಿತು, ನಾಲ್ಕು ಮೊಬೈಲು ಚಾರ್ಜ್ ಆದವು. ಬೆಳಗ್ಗೆ ಕೀ ತಿರುಗಿಸಿದರೆ 'ಟಿಕ್ ಟಿಕ್' ಎಂಬ ಸದ್ದಷ್ಟೆ. ಊರಿನಲ್ಲಾದರೆ ನಾಲ್ಕು ಜನ ಸೇರಿ ತಳ್ಳಬಹುದು. ಮರಳಿನಲ್ಲಿ ತಳ್ಳುವವರು ಯಾರು? ಗಾಡಿ ಆಟೊಮ್ಯಾಟಿಕ್ ಆಗಿದ್ದರೆ ತಳ್ಳಿಯೂ ಫಲವಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ, ಬಿಸಿಲು ಏರುತ್ತಿದೆ, ಫ್ರಿಜ್ಜೂ ನಿಂತಿದೆ.

ಈ ಪಾಡು ಬೇಡವೆಂದೇ ಜೋಡಿ ಬ್ಯಾಟರಿ ಏರ್ಪಾಟು ಮಾಡಿಕೊಳ್ಳುವುದು. ಒಂದು ಬ್ಯಾಟರಿ ಸೆಲ್ಫ್ ಹೊಡೆಯುವುದಕ್ಕೆ ಮೀಸಲು, ಇನ್ನೊಂದು ಮಿಕ್ಕ ಎಲ್ಲ ಕೆಲಸಕ್ಕೆ.

ಎರಡೂ ಬ್ಯಾಟರಿ ಒಂದೇ ಅಲ್ಲ

ಗಾಡಿಯ ಜೊತೆ ಬರುವ ಬ್ಯಾಟರಿ ಓಟಗಾರನಿದ್ದಂತೆ. ಎಂಜಿನ್ ಎಬ್ಬಿಸಲು ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕರೆಂಟು ಕೊಡುತ್ತದೆ, ಅಷ್ಟೆ. ಅಷ್ಟರಲ್ಲಿ ಅದು ಕಳೆದುಕೊಳ್ಳುವುದು ಅರ್ಧ ಆಂಪಿಯರ್-ಅವರ್ ಕೂಡ ಅಲ್ಲ. ಇದಕ್ಕಾಗಿ ಒಳಗೆ ತೆಳುವಾದ ಸೀಸದ ಫಲಕಗಳನ್ನು ಹೆಚ್ಚಾಗಿ ಜೋಡಿಸಿರುತ್ತಾರೆ. ಇದನ್ನು ಮತ್ತೆ ಮತ್ತೆ ಪೂರ್ತಿ ಬರಿದು ಮಾಡಿದರೆ ಫಲಕಗಳು ಬೇಗ ಹಾಳಾಗುತ್ತವೆ.

ಎರಡನೆಯದು ಹೊರೆ ಹೊರುವ ಆಳಿದ್ದಂತೆ. ಇದಕ್ಕೆ 'ಡೀಪ್ ಸೈಕಲ್' ಬ್ಯಾಟರಿ ಎನ್ನುತ್ತಾರೆ. ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಕರೆಂಟು ಕೊಡುವುದು ಇದರ ಗುಣ. ಮನೆಯ ಇನ್ವರ್ಟರ್‌ನ ಟ್ಯೂಬ್ಯುಲರ್ ಬ್ಯಾಟರಿಯೂ ಇದೇ ಜಾತಿಯದು. ಆದರೆ ಅದನ್ನು ಗಾಡಿಗೆ ಏರಿಸಬೇಡಿ. ಎತ್ತರ ಜಾಸ್ತಿ, ತೂಕ ಜಾಸ್ತಿ, ಗಾಡಿ ವಾಲಿದರೆ ಆಸಿಡ್ ಚೆಲ್ಲುತ್ತದೆ. ಗಾಡಿಗೆ ಸೀಲ್ ಆದ ಎಜಿಎಂ ಅಥವಾ ಜೆಲ್ ಬ್ಯಾಟರಿ ಒಳ್ಳೆಯದು. ಹಣ ಹೆಚ್ಚಾದರೂ ಪರವಾಗಿಲ್ಲ ಎನ್ನುವವರಿಗೆ ಲಿಥಿಯಂ ಐರನ್ ಫಾಸ್ಫೇಟ್ ಇದೆ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಸುಮಾರು 30 ಕಿಲೊ ತೂಗಿದರೆ, ಅಷ್ಟೇ ಅಳತೆಯ ಲಿಥಿಯಂ ಅದರ ಅರ್ಧಕ್ಕಿಂತ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ. ಲಡಾಖಿಗೆ ಹೊರಟವರು ಇದನ್ನು ಮರೆಯಬಾರದು.

ಎಷ್ಟು ದೊಡ್ಡದು ಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇಲ್ಲಿ ಮೊದಲು ಕಾಲಿನ ಅಳತೆ ತೆಗೆದುಕೊಂಡು ಹಾಸಿಗೆ ಕೊಳ್ಳಬೇಕು. ಒಂದು ಹಾಳೆಯ ಮೇಲೆ ಲೆಕ್ಕ ಬರೆಯಿರಿ. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್. ಅದನ್ನು ಗಂಟೆಯಿಂದ ಗುಣಿಸಿದರೆ ಆಂಪಿಯರ್-ಅವರ್.

ಫ್ರಿಜ್ 45 ವ್ಯಾಟಿನದು ಎನ್ನೋಣ. ಸಂಜೆ 7ರಿಂದ ಬೆಳಗ್ಗೆ 7ರವರೆಗೆ 12 ಗಂಟೆಯಲ್ಲಿ ಅದರ ಕಂಪ್ರೆಸರ್ ಅರ್ಧ ಹೊತ್ತು ಓಡಿದರೆ 22.5. ಹತ್ತು ವ್ಯಾಟಿನ ಎಲ್‌ಇಡಿ ದೀಪ 4 ಗಂಟೆಗೆ ಸುಮಾರು 3.5. ಹತ್ತು ವ್ಯಾಟಿನ ಪುಟ್ಟ ಫ್ಯಾನು 8 ಗಂಟೆಗೆ ಸುಮಾರು 6.5. ನಾಲ್ಕು ಮೊಬೈಲಿಗೆ 5. ಒಟ್ಟು 37.5, ವೈರು, ಚಾರ್ಜರುಗಳಲ್ಲಿ ಸೋರುವುದನ್ನು ಸೇರಿಸಿ 40 ಎಂದಿಟ್ಟುಕೊಳ್ಳಿ.

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಬರುತ್ತದೆ. ಹಾಗಾಗಿ ಕಡಿಮೆಯೆಂದರೆ 80 ಬೇಕು, 100 ಇದ್ದರೆ ನೆಮ್ಮದಿ. ಲಿಥಿಯಂ ಆದರೆ ನೂರಕ್ಕೆ 80 ಭಾಗ ಧಾರಾಳವಾಗಿ ಬಳಸಬಹುದು, 60 ಸಾಕು. ಗಾಡಿಯ ಮೂಲ ಬ್ಯಾಟರಿ 65 ಆಂಪಿಯರ್-ಅವರ್ ಇದ್ದು, ಅದರಿಂದಲೇ ಈ 40 ಎಳೆದಿದ್ದರೆ? ಅದೇ ಮರಳಿನ ನಡುವಿನ 'ಟಿಕ್ ಟಿಕ್'.

ನಡುವಿನ ಬಾಗಿಲು

ಎರಡು ಬ್ಯಾಟರಿಗಳನ್ನು ಸುಮ್ಮನೆ ವೈರಿನಿಂದ ಸೇರಿಸಿಬಿಟ್ಟರೆ ಒಂದು ಖಾಲಿಯಾದಾಗ ಇನ್ನೊಂದೂ ಖಾಲಿಯಾಗುತ್ತದೆ. ನಡುವೆ ಒಂದು ಬಾಗಿಲು ಬೇಕು. ಎಂಜಿನ್ ಓಡುವಾಗ ಅದು ತೆರೆದಿರಬೇಕು, ನಿಂತಾಗ ಮುಚ್ಚಿರಬೇಕು.

ಸರಳ ಬಾಗಿಲೆಂದರೆ ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ತುಂಬಿದ ಸೀಸದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಅರ್ಧ ಖಾಲಿಯಾದಾಗ 12.2ರ ಆಸುಪಾಸು. ಎಂಜಿನ್ ಎದ್ದು ಆಲ್ಟರ್ನೇಟರ್ ಚಾರ್ಜ್ ಮಾಡತೊಡಗಿದರೆ ಅದು 14ರ ಹತ್ತಿರ ಏರುತ್ತದೆ. ಸಾಮಾನ್ಯವಾಗಿ 13.3 ದಾಟಿದಾಗ ರಿಲೇ ಎರಡನ್ನೂ ಸೇರಿಸುತ್ತದೆ, 12.8ಕ್ಕೆ ಇಳಿದಾಗ ಬೇರೆ ಮಾಡುತ್ತದೆ. ಹಳೆಯ ಗಾಡಿಗಳಿಗೆ ಇಷ್ಟು ಸಾಕು. ಹಿಂದೆ ಡಯೋಡ್ ಹಾಕುತ್ತಿದ್ದರು. ಆದರೆ ಮಾಮೂಲು ಡಯೋಡಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋಗುವುದರಿಂದ ಎರಡನೇ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ.

ಹೊಸ ಗಾಡಿಯವರು ಇಲ್ಲಿ ಎಚ್ಚರವಾಗಿರಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಎಷ್ಟೋ ಗಾಡಿಗಳಲ್ಲಿ 'ಸ್ಮಾರ್ಟ್' ಆಲ್ಟರ್ನೇಟರ್ ಇದೆ. ಇಂಧನ ಉಳಿಸಲು ಅದು ಓಡುತ್ತಿರುವಾಗಲೇ ವೋಲ್ಟೇಜ್ ಇಳಿಸುತ್ತದೆ. ಆಗ ರಿಲೇ ಎಂಜಿನ್ ನಿಂತಿತೆಂದು ತಿಳಿದು ಬಾಗಿಲು ಹಾಕಿಬಿಡುತ್ತದೆ. ದಿನವಿಡೀ ಓಡಿಸಿದರೂ ಎರಡನೇ ಬ್ಯಾಟರಿ ಅರೆಹೊಟ್ಟೆ! ಇಂಥ ಗಾಡಿಗೆ ಡಿಸಿ-ಡಿಸಿ ಚಾರ್ಜರ್ ಬೇಕು. ಒಳಬರುವ ವೋಲ್ಟೇಜ್ ಎಷ್ಟೇ ಇರಲಿ, ಅದನ್ನು ಬ್ಯಾಟರಿಗೆ ಬೇಕಾದ ಮಟ್ಟಕ್ಕೆ ತಂದು ಹದವಾಗಿ ತುಂಬಿಸುತ್ತದೆ. ಕೀ ಆನ್ ಆದಾಗ ಮಾತ್ರ ಓಡುವಂತೆ ಇಗ್ನಿಷನ್ ವೈರನ್ನೂ ಅದಕ್ಕೆ ಕೊಡಬೇಕು. ಲಿಥಿಯಂ ಹಾಕುವವರಿಗೂ ಇದು ಬೇಕೇ ಬೇಕು. ಇಲ್ಲದಿದ್ದರೆ ಲಿಥಿಯಂ ಸಿಕ್ಕಷ್ಟು ಕರೆಂಟನ್ನೂ ಎಳೆದುಕೊಂಡು ಆಲ್ಟರ್ನೇಟರ್ ಕಾದು ಕೆಂಪಾಗುವಂತೆ ಮಾಡಬಹುದು.

20 ಆಂಪಿಯರ್ ಚಾರ್ಜರ್ ಇದ್ದರೆ ರಾತ್ರಿ ಖರ್ಚಾದ 40 ಆಂಪಿಯರ್-ಅವರ್ ತುಂಬಲು ಕಡಿಮೆಯೆಂದರೂ ಎರಡು ಗಂಟೆ ಓಡಿಸಬೇಕು. ಸೀಸದ ಬ್ಯಾಟರಿ ಕೊನೆಯ ಐದನೇ ಒಂದು ಭಾಗವನ್ನು ನಿಧಾನವಾಗಿ ತುಂಬಿಕೊಳ್ಳುವುದರಿಂದ ಇನ್ನೂ ಹೆಚ್ಚು ಹೊತ್ತು ಬೇಕು. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಗುರ್ ಎನಿಸಿದರೆ ಏನೂ ಸಾಲದು.

ವೈರು ದಪ್ಪ, ಫ್ಯೂಸು ಹತ್ತಿರ

ಹಣ ಉಳಿಸಲು ಹೋಗಿ ಹೆಚ್ಚಿನವರು ಎಡವುವುದು ಇಲ್ಲೇ. ಬಾನೆಟ್ಟಿನಿಂದ ಡಿಕ್ಕಿಗೆ 5 ಮೀಟರ್ ಎನ್ನಿ. ಹೋಗಿ ಬರುವ ವೈರು 10 ಮೀಟರ್. 30 ಆಂಪಿಯರ್ ಹರಿದರೆ 10 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಅರ್ಧ ವೋಲ್ಟು ಸೋರಿಹೋಗುತ್ತದೆ. 25 ಚದರ ಮಿಲಿಮೀಟರ್ ಆದರೆ ನಷ್ಟ 0.2 ವೋಲ್ಟು ಮಾತ್ರ. 14 ವೋಲ್ಟಿನಲ್ಲಿ ಅರ್ಧ ಹೋಯಿತೆಂದರೆ ಬ್ಯಾಟರಿ ತುಂಬುವುದಿಲ್ಲ. ತಾಮ್ರದ ವೈರನ್ನೇ ಕೇಳಿ ಪಡೆಯಿರಿ. ಲಗ್ಗುಗಳನ್ನು ಸರಿಯಾದ ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಿಸಿ. ಸುತ್ತಿಗೆಯಿಂದ ಬಡಿದದ್ದು ಕಲ್ಲುದಾರಿಯಲ್ಲಿ ಸಡಿಲವಾಗುತ್ತದೆ.

ಈಗ ಜೀವದ ಮಾತು. ವೈರು ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಹರಿದು ಬಾಡಿಗೆ ತಗುಲಿದರೆ ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಲೇ ಸುರಿಸುತ್ತದೆ. ವೈರು ಕೆಂಡವಾಗುತ್ತದೆ, ಗಾಡಿಗೆ ಬೆಂಕಿ ಹತ್ತುತ್ತದೆ. ಇದನ್ನು ತಡೆಯುವುದು ಫ್ಯೂಸ್ ಒಂದೇ. ಅದು ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಲಿ. ಗೇಣಿನಾಚೆ ಇದ್ದರೆ ನಡುವಿನ ವೈರಿಗೆ ಕಾವಲಿಲ್ಲ. ಒಂದೇ ಫ್ಯೂಸ್ ಹಾಕಿ ಸುಮ್ಮನಾಗಬೇಡಿ. ವೈರಿನ ಎರಡೂ ಕೊನೆಯಲ್ಲಿ ಬ್ಯಾಟರಿಗಳಿವೆ, ಕರೆಂಟು ಎರಡೂ ಕಡೆಯಿಂದ ಬರಬಹುದು. ಆದ್ದರಿಂದ ಎರಡೂ ಕೊನೆಗೆ ಒಂದೊಂದು ಫ್ಯೂಸ್ ಬೇಕು. ಫ್ಯೂಸಿನ ಅಳತೆ ವೈರು ತಾಳುವಷ್ಟರ ಒಳಗಿರಲಿ. ತಗಡಿನ ತೂತಿನಲ್ಲಿ ವೈರು ಹಾದುಹೋಗುವಲ್ಲಿ ರಬ್ಬರ್ ಗ್ರಾಮೆಟ್, ಉದ್ದಕ್ಕೂ ಪ್ಲಾಸ್ಟಿಕ್ ಕೊಳವೆ ಹಾಕಿಸಿ.

ಜೋಡಿಸುವ ಕ್ರಮ

ಕೈಯ ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಮೂಲ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೆಲಸ ಮುಗಿದ ಮೇಲೆ ಅದನ್ನು ಕೊನೆಗೆ ಹಾಕಿ. ಆಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಕೆಲವು ಸ್ಟೀರಿಯೊಗಳು ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೇಳುತ್ತವೆ. ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ, ಇಲ್ಲದಿದ್ದರೆ ದಾರಿಯಲ್ಲಿ ರೇಡಿಯೊ ಕೇಳುವಂತಿಲ್ಲ!

ಹೊಸ ಬ್ಯಾಟರಿಯನ್ನು ಕಬ್ಬಿಣದ ತಟ್ಟೆಯಲ್ಲಿಟ್ಟು ಗಾಡಿಯ ಬಾಡಿಗೆ ಬೋಲ್ಟ್ ಮಾಡಿಸಿ. ಗಾಡಿ ಮಗುಚಿದರೆ 30 ಕಿಲೊ ಬ್ಯಾಟರಿ ಒಳಗಿರುವವರ ಮೇಲೆ ಗುಂಡಿನಂತೆ ಬೀಳುತ್ತದೆ. ನೀರು ಹಾಕುವ ಜಾತಿಯ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಅದನ್ನು ಜನ ಕೂರುವ ಜಾಗದಲ್ಲಿ ಇಡಲೇಬಾರದು. ಎರಡನೇ ಬ್ಯಾಟರಿಯ ನೆಗೆಟಿವನ್ನು ಬಾಡಿಗೆ ಕೊಡಿ. ಮೂಲ ಬ್ಯಾಟರಿಯ ನೆಗೆಟಿವ್ ತುದಿಗೆ ನೇರವಾಗಿ ಕೊಡಬೇಡಿ. ಹೊಸ ಗಾಡಿಗಳಲ್ಲಿ ಅಲ್ಲೊಂದು ಸೆನ್ಸರ್ ಕೂತಿರುತ್ತದೆ, ಅದರ ಲೆಕ್ಕ ತಪ್ಪುತ್ತದೆ. ವಾರಂಟಿ ಇರುವ ಗಾಡಿಯಾದರೆ ಒಂದು ವೈರನ್ನೂ ಕತ್ತರಿಸುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹೊರಡುವ ಮುನ್ನ ಪರೀಕ್ಷೆ

ಪರೀಕ್ಷೆಯನ್ನು ಮನೆಯ ಪಾರ್ಕಿಂಗಿನಲ್ಲೇ ಮಾಡಿ, ಮರಳಿನಲ್ಲಿ ಅಲ್ಲ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

1. ಎಂಜಿನ್ ನಿಲ್ಲಿಸಿ ಎರಡೂ ಬ್ಯಾಟರಿಗಳ ವೋಲ್ಟೇಜ್ ಬರೆದುಕೊಳ್ಳಿ.
2. ಎಂಜಿನ್ ಎಬ್ಬಿಸಿ ಕೆಲವು ನಿಮಿಷ ಬಿಟ್ಟು ನೋಡಿ. ಎರಡನೆಯದೂ ಏರಿರಬೇಕು. ಏರದಿದ್ದರೆ ಫ್ಯೂಸ್, ಅರ್ತ್, ಇಗ್ನಿಷನ್ ವೈರು ಈ ಕ್ರಮದಲ್ಲಿ ಪರೀಕ್ಷಿಸಿ.
3. ರಾತ್ರಿ ಎಂಜಿನ್ ನಿಲ್ಲಿಸಿ ಫ್ರಿಜ್, ದೀಪ ಎಲ್ಲ ಹಾಕಿಟ್ಟು ಮಲಗಿ. ಬೆಳಗ್ಗೆ ಎರಡನೆಯದು ಇಳಿದಿರಬೇಕು, ಮೊದಲನೆಯದು 12.6ರ ಹತ್ತಿರವೇ ಇರಬೇಕು. ಅದೂ ಇಳಿದಿದ್ದರೆ ನಡುವಿನ ಬಾಗಿಲು ಮುಚ್ಚಿಲ್ಲ ಎಂದರ್ಥ.

ಎಲ್ಲರಿಗೂ ಇದು ಬೇಕೇ? ಬೇಡ. ವರ್ಷಕ್ಕೊಮ್ಮೆ ಒಂದು ರಾತ್ರಿ ಹೊರಗೆ ಮಲಗುವವರಿಗೆ ಒಂದು ಪವರ್ ಬಾಕ್ಸ್, ಒಂದು ಜಂಪ್ ಸ್ಟಾರ್ಟರ್ ಸಾಕು. ತಿಂಗಳಿಗೊಮ್ಮೆ ಊರು ಬಿಡುವವರಿಗೆ, ಜೊತೆಯಲ್ಲಿ ಔಷಧಿ, ಮಕ್ಕಳು, ವಯಸ್ಸಾದವರು ಇರುವವರಿಗೆ ಖರ್ಚು ಸಾರ್ಥಕ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಹೊಸದು ಕೊಂಡ ಅಂಗಡಿಗೇ ಹಿಂತಿರುಗಿಸಿ. ಸೀಸ ಮಣ್ಣಿಗೂ ಮಕ್ಕಳಿಗೂ ವಿಷ.

ಕೊನೆಗೊಂದು ರೇಡಿಯೊ ಮಾತು. ಡಿಸಿ-ಡಿಸಿ ಚಾರ್ಜರ್ ಓಡುವಾಗ ಮೀಡಿಯಂ ವೇವ್‌ನಲ್ಲಿ 'ಗುಂಯ್' ಸದ್ದು ಬಂದರೆ ರೇಡಿಯೊ ಕೆಟ್ಟಿತೆಂದು ತಿಳಿಯಬೇಡಿ. ಚಾರ್ಜರನ್ನು ಆಂಟೆನಾ ವೈರಿನಿಂದ ದೂರ ಇಡಿಸಿ, ಸದ್ದು ಕಡಿಮೆಯಾಗುತ್ತದೆ.

ಸುಖವಾಗಿ ಹೋಗಿ ಬನ್ನಿ. ಬೆಳಗ್ಗೆ ಒಂದೇ ಸೆಲ್ಫಿಗೆ ಗಾಡಿ ಎದ್ದರೆ ನಮ್ಮನ್ನು ನೆನೆಸಿಕೊಳ್ಳಿ!