ಹಳೆಯ ಜಾವಾದ ಎಂಜಿನಿನಿಂದ ಬಣ್ಣ ತೆಗೆಯುವ ಬಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿಹೋಯಿತು. ಆದರೂ ಅಲ್ಲಿ ತಯಾರಾದ ಜಾವಾ ಮೋಟಾರುಸೈಕಲ್ಲುಗಳೂ, 1973ರಿಂದೀಚೆಗೆ ಯೆಜ್ದಿಯೆಂಬ ಹೆಸರು ಹೊತ್ತವೂ ಎಷ್ಟೋ ಮನೆಗಳ ಹಿತ್ತಿಲಲ್ಲಿ ಗೋಣಿತಾಟು ಹೊದ್ದು ನಿಂತಿವೆ. ತಂದೆ ಏರಿದ ವಾಹನವನ್ನು ಮತ್ತೆ ನಡೆಯಿಸಬೇಕೆಂದು ಹೊರಟ ಮಗನ ಕಣ್ಣಿಗೆ ಮೊದಲು ಬೀಳುವುದು ಎಂಜಿನಿನ ಮೇಲೆ ಪೊರೆಪೊರೆಯಾಗಿ ಏಳುತ್ತಿರುವ ಬೆಳ್ಳಿಬಣ್ಣ. ಇದು ಬಹುಮಟ್ಟಿಗೆ ಕಾರ್ಖಾನೆಯದಲ್ಲ. ಜಾವಾದ ಪಕ್ಕದ ಮುಚ್ಚಳಗಳು ಹೊಳಪಿಸಿದ ಬರಿಯ ಲೋಹವಾಗಿದ್ದುವು. ಅವು ಮಂಕಾದಾಗ ಯಾರೋ ಕುಂಚ ಹಿಡಿದು ಬಳಿದಿರುತ್ತಾರೆ.

ಬಣ್ಣ ತೆಗೆಯುವ ಮೊದಲು ಅದರ ಕೆಳಗಿನ ಲೋಹ ಯಾವುದೆಂದು ಅರಿಯತಕ್ಕದ್ದು. ಜಾವಾದ ಸಿಲಿಂಡರು ಎರಕದ ಕಬ್ಬಿಣ. ಅದರ ತಲೆ, ಕೆಳಗಿನ ಕ್ರ್ಯಾಂಕ್ ಕೇಸು, ಪಕ್ಕದ ಮುಚ್ಚಳಗಳು ಅಲ್ಯುಮಿನಿಯಂ ಮಿಶ್ರಲೋಹ. ಕಬ್ಬಿಣದ ಗೇಟಿನ ಬಣ್ಣ ಕಿತ್ತ ಅನುಭವವುಳ್ಳವರು ಕೆಲವರು ಈ ಭಾಗಗಳನ್ನೂ ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದಿಬಿಡುತ್ತಾರೆ. ಬಣ್ಣವೇನೋ ಹೋಗುತ್ತದೆ, ಅದರೊಡನೆ ಲೋಹವೂ ಹೋಗುತ್ತದೆ. ಗಾಳಿ ಸೋಕಿದಾಗ ಅಲ್ಯುಮಿನಿಯಮ್ಮಿನ ಮೇಲೆ ತಾನಾಗಿ ಕಟ್ಟುವ ತೆಳುಪೊರೆಯೇ ಅದಕ್ಕೆ ರಕ್ಷೆ. ಕ್ಷಾರವು ಆ ಪೊರೆಯನ್ನು ಕರಗಿಸಿ ಒಳಗಿನ ಲೋಹವನ್ನು ತಿನ್ನತೊಡಗುತ್ತದೆ. ನೀರು ನೊರೆಯೆದ್ದು ಬಿಸಿಯಾಗುತ್ತದೆ. ಆಗ ಹೊರಡುವ ಜಲಜನಕವು ಕಿಡಿ ಸೋಕಿದರೆ ಹೊತ್ತಿಕೊಳ್ಳತಕ್ಕ ವಾಯು. ಗ್ಯಾಸ್ಕೆಟ್ಟು ಕೂರುವ ಮಟ್ಟಸವಾದ ಅಂಚು ಒಮ್ಮೆ ಸವೆದರೆ ಎಣ್ಣೆ ಸೋರುವುದು ತಪ್ಪದು. ನಮ್ಮ ಗೃಹಿಣಿಯರಿಗೆ ಇದು ಹೊಸ ಸಂಗತಿಯಲ್ಲ. ಅಲ್ಯುಮಿನಿಯಂ ಪಾತ್ರೆಯು ಸೋಡಾ ಸೋಕಿದರೆ ಕಪ್ಪಾಗುವುದನ್ನೂ, ಅದರಲ್ಲಿ ಹುಳಿ ಇಟ್ಟರೆ ಮೈ ಕೆಡುವುದನ್ನೂ ಅವರು ಬಲ್ಲರು. ಹಿತ್ತಾಳೆಗೆ ಹಾಕುವ ಹುಣಿಸೆಹಣ್ಣನ್ನು ಎಂಜಿನಿಗೆ ಉಜ್ಜಹೊರಟ ಗಂಡಸರನ್ನು ಅವರೇ ತಡೆಯುವುದು ಲೇಸು.

ಮರಳನ್ನು ರಭಸದಿಂದ ಊದಿಸಿ ಬಣ್ಣ ಕೀಳಿಸುವ ಕ್ರಮವನ್ನೂ ನಾವು ಮೆಚ್ಚೆವು. ಜಾವಾದಂಥ ಎರಡು ಹೊಡೆತದ ಎಂಜಿನಿನಲ್ಲಿ ಪೆಟ್ರೋಲು ಬೆರೆತ ಗಾಳಿಯು ಕ್ರ್ಯಾಂಕ್ ಕೇಸಿನ ಮೂಲಕವೇ ಹಾದುಹೋಗಬೇಕು. ಅಲ್ಲಿ ಉಳಿದ ಒಂದೆರಡು ಕಣವೂ ಬೇರಿಂಗನ್ನೂ ಪಿಸ್ಟನ್ನನ್ನೂ ಕೆರೆಯಬಲ್ಲದು.

ಹಾಗಾದರೆ ಮಾಡತಕ್ಕದ್ದೇನು? ಕಾರ್ಬುರೇಟರು, ಹೊಗೆಕೊಳವೆ, ಪ್ಲಗ್ಗು ಇವುಗಳ ರಂಧ್ರಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಸೀಮೆಎಣ್ಣೆಯಿಂದ ಜಿಡ್ಡನ್ನು ತೊಳೆದು ಒಣಗಿಸಬೇಕು. ಜಿಡ್ಡಿನ ಮೇಲೆ ಯಾವ ಔಷಧವೂ ನಾಟದು. ಬಳಿಕ ಅಲ್ಯುಮಿನಿಯಮ್ಮಿಗೆ ಆಗುವುದೆಂದು ಡಬ್ಬಿಯ ಮೇಲೆ ಬರೆದಿರುವ ಪೇಂಟ್ ರಿಮೂವರನ್ನು ದಪ್ಪವಾಗಿ ಹಚ್ಚಿ, ಅದು ಒಣಗದಂತೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಬಣ್ಣವು ಸುಕ್ಕುಗಟ್ಟಿ ಎದ್ದಾಗ ಬಿದಿರಿನ ಚಕ್ಕೆಯಿಂದ ಬಳಿದು ತೆಗೆಯಬೇಕು. ಉಳಿ, ಚಾಕುಗಳು ಕೂಡದು. ಅವುಗಳ ಗೀರು ಅಳಿಯುವುದಿಲ್ಲ. ರೆಕ್ಕೆಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಎರಡು ಮೂರು ಸಲ ಹಚ್ಚಬೇಕಾದೀತು. ಆತುರಪಡುವವರಿಗೆ ಹೇಳಿದ ಕೆಲಸವಲ್ಲ.

ಈ ದ್ರವಗಳಲ್ಲಿ ಹಲವಕ್ಕೆ ಮೆಥಿಲೀನ್ ಕ್ಲೋರೈಡ್ ಸೇರಿಸುವುದುಂಟು. ಅದರ ಆವಿ ಗಾಳಿಗಿಂತ ಭಾರವಾದುದರಿಂದ ಮುಚ್ಚಿದ ಕೋಣೆಯಲ್ಲಿ ಕೆಳಗೇ ತಂಗುತ್ತದೆ. ದೇಹದೊಳಗೆ ಅದು ಇಂಗಾಲದ ಮಾನಾಕ್ಸೈಡಾಗಿ ಮಾರ್ಪಡುತ್ತದೆ. ಬಚ್ಚಲಿನಲ್ಲಿ ಕೆಲಸಮಾಡುತ್ತಲೇ ಪ್ರಾಣ ಕಳೆದುಕೊಂಡವರಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಅದುಳ್ಳ ಬಣ್ಣ ತೆಗೆಯುವ ದ್ರವಗಳನ್ನು ಮನೆಬಳಕೆಗೆ ಮಾರುವುದನ್ನೇ ನಿಷೇಧಿಸಿದರು. ಆದಕಾರಣ ಈ ಕೆಲಸವು ಬಯಲಲ್ಲೇ ನಡೆಯಲಿ.

ಇದಕ್ಕಿಂತಲೂ ಮೌನವಾದ ವಿಷವು ಹಳೆಯ ಬಣ್ಣದಲ್ಲೇ ಇರಬಹುದು, ಅದು ಸೀಸ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ಜಾರಿಗೆ ಬಂದುದು 2017ರಲ್ಲಿ. ಅದಕ್ಕೆ ಹಿಂದಿನ ಡಬ್ಬಿಯಲ್ಲಿ ಎಷ್ಟಿತ್ತೆಂದು ಬಲ್ಲವರಾರು? ಅಂಬೆಗಾಲಿಕ್ಕುವ ಮಗುವಿನ ಕೈಯಿಂದ ಬಾಯಿಗೆ ಹೋಗುವ ಧೂಳಿನಷ್ಟು ಸೀಸವೂ ಅದರ ಬುದ್ಧಿಯ ಬೆಳವಣಿಗೆಗೆ ಕುಂದು. ಆದ್ದರಿಂದ ಬಣ್ಣವನ್ನು ಒಣ ಕಾಗದದಿಂದ ತಿಕ್ಕಿ ಧೂಳೆಬ್ಬಿಸಲಾಗದು, ಬೆಂಕಿಯಿಂದ ಸುಡಲೂ ಆಗದು. ಕೆತ್ತಿದ ಚೂರುಗಳನ್ನು ಒದ್ದೆಯಾಗಿರುವಾಗಲೇ ಕಾಗದದಲ್ಲಿ ಕಟ್ಟಿ, ಅಪಾಯದ ಕಸವೆಂದು ಬೇರೆ ಕೊಡಬೇಕು. ಬಾವಿಯ ಬಳಿ, ಗಿಡದ ಬುಡದಲ್ಲಿ ಚೆಲ್ಲಬಾರದು. ಉಟ್ಟ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು.

ಬಣ್ಣ ಹೋದ ಕಬ್ಬಿಣದ ಸಿಲಿಂಡರು ಬಲುಬೇಗ ತುಕ್ಕು ಹಿಡಿಯುವುದರಿಂದ ಅದಕ್ಕೆ ಮಾತ್ರ ಶಾಖ ತಾಳುವ ಕರಿಬಣ್ಣವನ್ನು ತೆಳುವಾಗಿ ಹಚ್ಚಬೇಕು. ದಪ್ಪವಾದರೆ ರೆಕ್ಕೆಗಳು ಶಾಖವನ್ನು ಬಿಟ್ಟುಕೊಡಲಾರವು. ಅಲ್ಯುಮಿನಿಯಮ್ಮಿಗೆ ಮತ್ತೆ ಬೆಳ್ಳಿಬಣ್ಣ ಬೇಕಿಲ್ಲ; ವಾರಕ್ಕೊಮ್ಮೆ ಎಂಜಿನು ತಣ್ಣಗಿರುವಾಗ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒರಸಿದರಾಯಿತು.